ದೇಶದ ಸಾಲ ತೊಲೆಗೆ ತಾಗಿತು

ಎರ್ರೆಪ್ಪ: ಗೋಡಿ ಮುಗದೈತ್ರಿ ಸಾಹೇಬ್ರ. ನನ್ನ ಬೈದ್ರ ಗೋಡಿ ಎತ್ತರ ಆಗ್ತೈತೇನು?

ಮ್ಯಾನೇಜರ್: ಗೋಡೆ ಮುಗಿದ್ರೂ ಸಾಲ ಮುಗಿದಿಲ್ಲಲ್ಲಪ್ಪಾ! ಇನ್ನೂ ಮೂರು ವರ್ಷದ್ದು ಬಾಕಿ ಐತೆ. ಎಪ್ಪತ್ತೊಂದಕ್ಕೇ ತೊಲೆಗೆ ತಾಗಿಸಿ ಕೂತ್ರೆ ಎಪ್ಪತ್ನಾಲ್ಕನ್ನ ಎಲ್ಲಿ ಬರೀತಿ?

ಎರ್ರೆಪ್ಪ: ನಾ ತಾಗಿಸಿದ್ದಲ್ರಿ, ದೇಶ ತಾಗಿಸೈತಿ. ನೀವು ಹೇಳಿದ ಅಂಕಿ, ನಾ ಎಳದ ಗೆರಿ.

ಮ್ಯಾನೇಜರ್: ಈಗ ಏನು ಮಾಡ್ತಿ, ಅದನ್ನ ಹೇಳು.

ಎರ್ರೆಪ್ಪ: ಅಲ್ಲಿ ಬೆಳಕಿಂಡಿ ಐತಿ ನೋಡ್ರಿ. ಅದರಾಗಿಂದ ಹೊರಗ ಹಾಯಿಸಿ, ಉಳಿದ ಮೂರು ವರ್ಷದ್ದು ಮಾಳಿಗಿ ಮ್ಯಾಲೆ ಬರದು ಬಿಡ್ತೀನಿ.

ಮ್ಯಾನೇಜರ್: ದೊಡ್ಡ ಸಾಹೇಬ್ರು ಏಣಿ ಹತ್ತಿ ಮಾಳಿಗೆ ಮೇಲೆ ಹೋಗಿ ದೇಶದ ಸಾಲ ನೋಡ್ಬೇಕಾ?

ಸಾವಿರದ ಒಂಬೈನೂರ ಎಪ್ಪತ್ನಾಲ್ಕರ ಜುಲೈ, ಶನಿವಾರ ಮಧ್ಯಾಹ್ನ. ಜಾಗ, ಕೊಟ್ಟೂರಿನ ಬ್ಯಾಂಕು. ಬ್ಯಾಂಕು ಎಂದ ಕೂಡಲೇ ಕಂಬ, ಮೆಟ್ಟಿಲು, ಬೀಸುವ ಫ್ಯಾನು ಎಂದೆಲ್ಲ ಕಲ್ಪಿಸಿಕೊಂಡರೆ ನಿಮಗೇ ನಿರಾಶೆ. ಬಾಡಿಗೆಗೆ ಹಿಡಿದ ಹಳೆಯ ಮಾಳಿಗೆಮನೆ ಅದು. ಎತ್ತರದ ಆಳು ಕೈ ಚಾಚಿ ಕುಣಿದರೆ ತೊಲೆ ಸಿಗುತ್ತದೆ. ಅಂಥ ಮನೆಯ ಪಡಸಾಲೆಯಲ್ಲಿ ಏಣಿಯ ಮೇಲಿನ ಮೆಟ್ಟಿಲಲ್ಲಿ ತಲೆ ಓರೆ ಮಾಡಿಕೊಂಡು ನಿಂತವನು ಪೇಂಟರ್ ಎರ್ರೆಪ್ಪ. ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಬ್ರಷ್ಷು. ಕೆಳಗೆ ನಿಂತು ಕತ್ತು ಮೇಲೆತ್ತಿ ಬೈಯುತ್ತಿದ್ದವರು ಮ್ಯಾನೇಜರ್ ನಾಗೇಂದ್ರಪ್ಪ, ಹರಪನಹಳ್ಳಿ ಕಡೆಯವರು. ಅವರ ಕೈಯಲ್ಲಿ ಹೆಡ್ಡಾಫೀಸಿನಿಂದ ಬಂದ ಸುತ್ತೋಲೆ ಇತ್ತು.

ಬ್ಯಾಂಕುಗಳು ಸರ್ಕಾರದ ಕೈಗೆ ಬಂದು ಐದು ವರ್ಷ ತುಂಬುವ ಸಂಭ್ರಮಕ್ಕೆ ಪ್ರತಿ ಶಾಖೆಯ ಗೋಡೆಯ ಮೇಲೂ ಒಂದು ಗೆರೆ ಬರೆಸಬೇಕೆಂದು ಆ ಸುತ್ತೋಲೆ ಹೇಳುತ್ತಿತ್ತು. ಗೆರೆಯ ಹೆಸರು 'ದೇಶದೊಳಗಿನ ನಿವ್ವಳ ಸಾಲ, ೧೯೫೧ರಿಂದ ೧೯೭೪'. ನೂರು ಕೋಟಿಗೆ ಒಂದು ಇಂಚು, ಇದರಲ್ಲಿ ಹೆಚ್ಚುಕಡಿಮೆ ಕೂಡದು. ಹಾಗೆಂದು ಬರೆದ ಮಹಾನುಭಾವರು ಬೆಂಗಳೂರಿನಲ್ಲಿ ಹದಿನಾಲ್ಕು ಅಡಿ ಎತ್ತರದ ಗೋಡೆಯ ಪಕ್ಕದಲ್ಲೇ ಕೂತಿದ್ದಿರಬೇಕು. ಕೊಟ್ಟೂರಿನ ತೊಲೆ ಎಷ್ಟು ಕೆಳಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಎರ್ರೆಪ್ಪ: ಒಂದು ಮಾತು ಹೇಳ್ಲಾ? ನೂರು ಕೋಟಿಗೆ ಅರ್ಧ ಇಂಚು ಹಿಡಿಯಾಣ. ಎಲ್ಲಾ ಅಳಿಸಿ ಮೊದಲಿಂದ ಬರದು ಕೊಡ್ತೀನಿ.

ಮ್ಯಾನೇಜರ್: ಅಂದ್ರೆ ದೇಶದ ಬೆಳವಣಿಗೇನ ಅರ್ಧ ಮಾಡೋಣ ಅಂತೀಯಾ? ನನ್ನ ನೌಕರಿ ಪೂರ್ತಿ ಹೋಗುತ್ತೆ.

ಎರ್ರೆಪ್ಪ: ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತಾರಲ್ರಿ.

ಮ್ಯಾನೇಜರ್: ಅದು ನಿನಗೆ, ನನಗೆ. ದೇಶಕ್ಕಲ್ಲ.

ಅಷ್ಟರಲ್ಲಿ ಒಳಕೋಣೆಯಿಂದ ಕಸಬರಿಗೆ ಹಿಡಿದು ದುರುಗಮ್ಮ ಬಂದಳು. ಬ್ಯಾಂಕು ತೆರೆದ ದಿನದಿಂದ ಕಸ ಹೊಡೆಯುವುದು, ನೀರು ತುಂಬುವುದು ಅವಳದೇ. ಆಕೆ ಸೊಂಟದ ಮೇಲೆ ಕೈಯಿಟ್ಟು ಗೋಡೆಯನ್ನು ನೋಡಿದಳು. ಮೂಲೆಯಲ್ಲಿ ಮೊಣಕಾಲೆತ್ತರಕ್ಕೆ ಹುಟ್ಟಿದ ಕೆಂಪು ಗೆರೆ ಮೊದಮೊದಲು ಮೆಲ್ಲಗೆ ಹತ್ತಿ, ನಡುವೆ ಬಿರುಸಾಗಿ, ಕೊನೆಗೆ ಯಾರೋ ಅಟ್ಟಿಸಿಕೊಂಡು ಬಂದಂತೆ ತೊಲೆಗೆ ಓಡಿ ನಿಂತಿತ್ತು.

ದುರುಗಮ್ಮ: ಇದು ಯಾರಿಗೆ ಬಂದ ಜ್ವರ ತಮ್ಮಾ?

ಎರ್ರೆಪ್ಪ: ಜ್ವರ ಅಲ್ಲಬೇ, ಸಾಲ.

ದುರುಗಮ್ಮ: ನಮ್ಮಣ್ಣ ದವಾಖಾನ್ಯಾಗ ಮಲಗಿದ್ದಾಗ ಮಂಚದ ತಲಿದೆಸಿಗೆ ಇಂಥದ್ದೇ ಗೆರಿ ತೂಗು ಹಾಕಿದ್ರು. ಹಿಂಗ ಏರಿದ ದಿನ ನರ್ಸಮ್ಮ ಓಡಿ ಬಂದು ಹಣಿಗೆ ಒದ್ದಿ ಬಟ್ಟಿ ಹಾಕಿದ್ಲು. ಇದಕ್ಕ ಯಾರೂ ಏನೂ ಹಾಕಂಗಿಲ್ಲೇನು?

ಮ್ಯಾನೇಜರ್: ಏನೂ ಹಾಕಬಾರದು ದುರುಗಮ್ಮ, ಇದು ಏರ್ಬೇಕು! ದೇಶದ ಬ್ಯಾಂಕುಗಳೆಲ್ಲ ಸೇರಿ ಸರ್ಕಾರಕ್ಕೆ, ಕಾರ್ಖಾನೆಗಳಿಗೆ, ರೈತರಿಗೆ, ಅಂಗಡಿಯೋರಿಗೆ ಕೊಟ್ಟ ಸಾಲ ಇದು. ಕಳೆಯೋದನ್ನ ಕಳೆದು ಉಳಿದದ್ದು ನಿವ್ವಳ. ಇಪ್ಪತ್ಮೂರು ವರ್ಷದಾಗೆ ಒಂದು ವರ್ಷಾನೂ ಇಳಿದಿಲ್ಲ, ಗೊತ್ತಾ?

ದುರುಗಮ್ಮ: ಅಯ್ಯ ಶಿವನ! ಅದನ್ನ ಗೋಡಿ ಮ್ಯಾಲೆ ಬರದು ಮಂದಿಗೆ ತೋರಸ್ತೀರೇನು? ನಮ್ಮ ಓಣ್ಯಾಗ ಸಾಲ ಆದೋರು ಹಿತ್ತಲ ಬಾಗಿಲಿಂದ ಓಡಾಡ್ತಾರ.

ಮ್ಯಾನೇಜರ್: ಇದು ಆ ಸಾಲ ಅಲ್ಲ. ಇದು ಬೆಳವಣಿಗೆ. ಸಾಲ ಏರಿತು ಅಂದ್ರೆ ದೇಶ ಏರಿತು ಅಂತ ಲೆಕ್ಕ.

ಎರ್ರೆಪ್ಪ: ಜ್ವಾಳದ ರೇಟೂ ಏರೈತಿ, ಎಣ್ಣಿ ರೇಟೂ ಏರೈತಿ. ಈ ಕೆಂಪು ಡಬ್ಬಿ ಹ್ವಾದ ವರ್ಷ ಆರು ರೂಪಾಯಿ ಇತ್ತು, ಈಗ ಒಂಬತ್ತು. ಅದೂ ದೇಶ ಏರಿದ್ದೇನ್ರಿ?

ಮ್ಯಾನೇಜರ್: ಅದು ಬೇರೆ ಚಾರ್ಟು.

ಎರ್ರೆಪ್ಪನಿಗೆ ಆ ಡಬ್ಬಿಯ ಮಾತು ಬಾಯಿ ತಪ್ಪಿ ಬಂದದ್ದಲ್ಲ. ಬಣ್ಣದ ಬೆಲೆ ಏರಿದ ಮೇಲೆ ಹರಪನಹಳ್ಳಿಯ ಪೇಂಟು ಅಂಗಡಿ ಗಾದೆಪ್ಪ 'ಇನ್ನ ಉದ್ರಿ ಇಲ್ಲ' ಎಂದು ಕೈ ಝಾಡಿಸಿಬಿಟ್ಟಿದ್ದ. ರೊಕ್ಕ ಎಣಿಸಿ ಕೊಟ್ಟರೆ ಬಣ್ಣ, ಇಲ್ಲದಿದ್ದರೆ ನಮಸ್ಕಾರ. ಅದಕ್ಕೇ ಎರ್ರೆಪ್ಪ ಯುಗಾದಿಯ ಮಾರನೇ ದಿನವೇ ಈ ಬ್ಯಾಂಕಿಗೆ ಐನೂರು ರೂಪಾಯಿ ಸಾಲಕ್ಕೆ ಅರ್ಜಿ ಕೊಟ್ಟಿದ್ದ. ಸಾಲ ಸಿಗದಿದ್ದರೆ ಶ್ರಾವಣದ ಹೊತ್ತಿಗೆ ಹೊಸಪೇಟೆಯ ದೊಡ್ಡ ಪೇಂಟರೊಬ್ಬನ ಕೈಕೆಳಗೆ ದಿನಕ್ಕೆ ಮೂರು ರೂಪಾಯಿ ಕೂಲಿಗೆ ನಿಲ್ಲಬೇಕು. ಕೂಲಿ ಮಾಡಲು ಅವನಿಗೆ ನಾಚಿಕೆಯಿರಲಿಲ್ಲ. ಬೋರ್ಡಿನ ಬಲಮೂಲೆಯಲ್ಲಿ 'ಎರ್ರೆಪ್ಪ ಆರ್ಟ್ಸ್, ಕೊಟ್ಟೂರು' ಎಂದು ಸಣ್ಣಗೆ ಬರೆಯುವ ಹಕ್ಕು ಹೋಗುತ್ತದಲ್ಲ, ಅದನ್ನು ಮಾತ್ರ ಬಿಟ್ಟುಕೊಡಲು ಅವನು ತಯಾರಿರಲಿಲ್ಲ.

ಎರ್ರೆಪ್ಪ: ಸಾಹೇಬ್ರ, ನೂರು ಕೋಟಿಗೆ ಒಂದು ಇಂಚು ಅಂದ್ರಿ. ನಾ ಕೇಳಿದ್ದು ಐನೂರು. ಬ್ರಷ್ಷಿನ ಒಂದು ಕೂದಲಿನಷ್ಟೂ ಆಗಂಗಿಲ್ಲದು. ಇಷ್ಟು ಉದ್ದ ಗೆರ್ಯಾಗ ನನಗೊಂದು ಕೂದಲು ಸೇರಿಸಿದ್ರ ಏನು ಆಗ್ತಿತ್ತು?

ಮ್ಯಾನೇಜರ್: ಜಾಮೀನು ತಾ ಅಂದೆ. ತಂದೆಯಾ? ಹೊಲ ಇದ್ದ ಒಬ್ಬ ಮನುಷ್ಯ, ತನ್ನ ಹೆಸರಲ್ಲೇ ಪಟ್ಟಾ ಇರ್ಬೇಕು. ಅಷ್ಟೇ ಕೇಳಿದ್ದು.

ಎರ್ರೆಪ್ಪ: ನಮ್ಮ ಮಾವ ಜೋಗಪ್ಪನ್ನ ಕರ್ಕೊಂಡು ಬಂದಿದ್ನಲ್ರಿ. ನಾಕು ಎಕ್ರಿ ಹೊಲ ಅವಂದು.

ಮ್ಯಾನೇಜರ್: ಅಣ್ಣತಮ್ಮಂದ್ರ ಜತೆಗೆ ಪಾಲಾಗಿಲ್ಲ. ಪಾಲಾಗದ ಹೊಲ ಜಾಮೀನಿಗೆ ನಡೆಯಲ್ಲ.

ಎರ್ರೆಪ್ಪ: ಹೋಗ್ಲಿ, ನನಗ ನಾನೇ ಜಾಮೀನು ನಿಲ್ತೀನಿ ಅಂದೆ.

ಮ್ಯಾನೇಜರ್: ಸಾಲ ತಗೊಳೋನೇ ಜಾಮೀನು ನಿಲ್ಲಂಗಿದ್ರೆ ಜಾಮೀನು ಅನ್ನೋದು ಯಾಕಪ್ಪ ಬೇಕಿತ್ತು?

ಎರ್ರೆಪ್ಪ: ಮತ್ತ ಸರ್ಕಾರ ಇಷ್ಟೊಂದು ತಗೊಂಡೈತಲ್ರಿ, ಅದಕ್ಕ ಯಾರು ಜಾಮೀನು?

ಮ್ಯಾನೇಜರ್: ಸರ್ಕಾರದ ಮಾತೇ ಜಾಮೀನು.

ದುರುಗಮ್ಮ: ಮಾತು ನಮಗೂ ಬರ್ತೈತಲ್ಲ!

ನಾಗೇಂದ್ರಪ್ಪ ಕೆಟ್ಟ ಮನುಷ್ಯರೇನಲ್ಲ. ರೂಲು ತಪ್ಪಿದರೆ ಆಕಾಶ ಕಳಚಿ ಬೀಳುತ್ತದೆ ಎಂದು ನಂಬಿದ ಪಾಪದ ಮನುಷ್ಯ. ಅವರು ಕನ್ನಡಕ ಒರೆಸಿಕೊಂಡು ದನಿ ತಗ್ಗಿಸಿದರು.

ಮ್ಯಾನೇಜರ್: ನೋಡು ಎರ್ರೆಪ್ಪ, ಸೋಮವಾರ ಹತ್ತು ಗಂಟೆಗೆ ಹೆಡ್ಡಾಫೀಸಿನ ದೊಡ್ಡ ಸಾಹೇಬ್ರು ತಪಾಸಣೆಗೆ ಬರ್ತಾರೆ. ಚಾರ್ಟು ನೋಡಿ ಅವ್ರಿಗೆ ಖುಷಿಯಾದ್ರೆ ನಿನ್ನ ಅರ್ಜೀನ ನಾನೇ ಅವ್ರ ಮುಂದಿಡ್ತೀನಿ. ಜಾಮೀನಿಲ್ಲದೆ ಮಂಜೂರು ಮಾಡೋ ಅಧಿಕಾರ ಅವ್ರಿಗೈತೆ.

ಎರ್ರೆಪ್ಪ: ಖರೇ ಹೇಳ್ತೀರೇನ್ರಿ?

ಮ್ಯಾನೇಜರ್: ಖರೇನೇ. ನಾನೀಗ ಊರಿಗೆ ಹೋಗ್ತೀನಿ, ಸೋಮವಾರ ಮೊದಲನೇ ಬಸ್ಸಿಗೆ ಬರ್ತೀನಿ. ಅಷ್ಟರಾಗೆ ಮುಗಿಸು. ಇಂಚಿನ ಲೆಕ್ಕ ಬದಲಿಸ್ಬೇಡ. ಗೋಡೆ ಬಿಟ್ಟು ಹೊರಗೆ ಹೋಗ್ಬೇಡ. ಎಪ್ಪತ್ನಾಲ್ಕು ಮುಟ್ಟೋವರೆಗೆ ಗೆರೆ ನಿಲ್ಲಿಸ್ಬೇಡ.

ಎರ್ರೆಪ್ಪ: ಮೂರೂ ಒಟ್ಟಿಗೆ ಹೆಂಗ್ರಿ?

ಮ್ಯಾನೇಜರ್: ಅದು ನಿನ್ನ ಕಸುಬು. ನನ್ನನ್ನ ಕೇಳಿದ್ರೆ?

ಎಂದವರೇ ಛತ್ರಿ ಬಗಲಿಗೇರಿಸಿ ಬಸ್ಸಿಗೆ ನಡೆದುಬಿಟ್ಟರು.

ಭಾನುವಾರ ದುರುಗಮ್ಮ ಬೀಗ ತೆರೆದಳು. ಎರ್ರೆಪ್ಪ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡು ಬೀಡಿ ಸುಟ್ಟ. ಟೇಪು ಹಿಡಿದು ಮೇಲೆ ಅಳೆದ, ಪಕ್ಕಕ್ಕೆ ಅಳೆದ. ಉಳಿದದ್ದು ಮೂವತ್ತೆಂಟು ಇಂಚು ಸಾಲ. ಮೇಲೆ ಜಾಗವಿಲ್ಲ. ಬಲಕ್ಕೆ ಎರಡು ಗೇಣು ಗೋಡೆ ಖಾಲಿಯಿದೆ.

ಎರ್ರೆಪ್ಪ: ದುರುಗವ್ವ, ಬೋರ್ಡು ಬರಿಯೋವಾಗ ಜಾಗ ಸಾಲದಿದ್ರ ನಾವು ಏನು ಮಾಡ್ತೀವಿ ಗೊತ್ತೇನು?

ದುರುಗಮ್ಮ: ನನಗ ಓದಾಕ ಬಂದ್ರ ತಾನ.

ಎರ್ರೆಪ್ಪ: 'ಶ್ರೀ ಮೈಲಾರಲಿಂಗೇಶ್ವರ ಕಿರಾಣಿ ಅಂಗಡಿ' ಅಂತ ಬರಿಯಾಕ ಹತ್ತೀವಿ ಅನ್ನು. 'ಕಿರಾಣಿ'ಗೇ ಹಲಗಿ ಮುಗೀತು. ಅಂಗಡೀನ ಬಿಡಾಕ ಬರಂಗಿಲ್ಲ, ರೊಕ್ಕ ಕೊಟ್ಟಿರ್ತಾನ. ಆಗ ಉಳಿದ ಅಕ್ಷರಾನ ಅಂಚಿಗುಂಟ ಕೆಳಕ್ಕ ಇಳಿಸಿಬಿಡ್ತೀವಿ. ಓದೋ ಮಂದಿ ಕತ್ತು ವಾರಿ ಮಾಡಿ ಓದ್ಕೊಂತಾರ. ಈ ಐದು ತಾಲೂಕಿನ್ಯಾಗ ಒಬ್ಬ ಗಿರಾಕೀನೂ ಇವತ್ತಿನ ತನಕ ತಕರಾರು ಮಾಡಿಲ್ಲ.

ದುರುಗಮ್ಮ: ಹಂಗಾದ್ರ ಇದನ್ನೂ ಇಳಿಸು. ಇಳಿದ್ರ ರೋಗಿಗೂ ಚಲೋ.

ಎರ್ರೆಪ್ಪ: ಇಂಚು ಒಂದೂ ಕಮ್ಮಿ ಆಗಬಾರದು, ಅಷ್ಟ.

ದುರುಗಮ್ಮ: ಏರಿದ್ರೂ ಮೂವತ್ತೆಂಟು, ಇಳಿದ್ರೂ ಮೂವತ್ತೆಂಟು. ಇಂಚಿಗೆ ಮ್ಯಾಲೆ ಕೆಳಗ ಅನ್ನೋದು ಗೊತ್ತಾಗ್ತೈತೇನು?

ಎರ್ರೆಪ್ಪನ ಎದೆ ಹಗುರಾಯಿತು. ಇಂಚಿನ ಲೆಕ್ಕ ಉಳಿಯಿತು, ಗೋಡೆಯೂ ಉಳಿಯಿತು, ಗೆರೆಯೂ ನಿಲ್ಲಲಿಲ್ಲ. ಮ್ಯಾನೇಜರರ ಮೂರು ಮಾತೂ ನಡೆದವು. ತೊಲೆಯ ಬುಡದಲ್ಲಿ ಗೆರೆಯನ್ನು ಗೂನುಬೆನ್ನಿನಂತೆ ನಯವಾಗಿ ಬಾಗಿಸಿ, ಟೇಪು ಹಿಡಿದು ಮೂವತ್ತೆಂಟು ಇಂಚು ಸರಿಯಾಗಿ ಕೆಳಕ್ಕೆ ತಂದು, ತುದಿಗೆ '೧೯೭೪' ಎಂದು ಬರೆದ. ಬಲಮೂಲೆಯಲ್ಲಿ ತನ್ನ ಹೆಸರನ್ನೂ ಬರೆದ. ಆ ಸಾಲು ಬರೆಯುವಾಗ ಮಾತ್ರ ಅವನು ಉಸಿರು ಬಿಗಿ ಹಿಡಿದಿದ್ದ.

ಸೋಮವಾರ ಒಂಬತ್ತೂ ಮುಕ್ಕಾಲಿಗೆ ನಾಗೇಂದ್ರಪ್ಪ ಬಸ್ಸಿಳಿದು ಬಂದು, ಗೋಡೆ ನೋಡಿ, ಛತ್ರಿ ಕೈಬಿಟ್ಟರು.

ಮ್ಯಾನೇಜರ್: ಏನೋ ಇದು! ಏನೋ ಮಾಡಿಟ್ಟೆ!

ಎರ್ರೆಪ್ಪ: ಟೇಪು ಹಿಡಿದು ನೋಡ್ರಿ. ಒಂದು ಇಂಚು ಕಮ್ಮಿ ಬಂದ್ರ ರೊಕ್ಕ ಕೊಡಬ್ಯಾಡ್ರಿ.

ಮ್ಯಾನೇಜರ್: ಕೆಳಕ್ಕೆ ಇಳಿದೈತಲ್ಲೋ!

ಎರ್ರೆಪ್ಪ: ಮ್ಯಾಲೆ ಜಾಗ ಇರಲಿಲ್ಲಲ್ರಿ. ಉಳಿದದ್ದನ್ನ ಕೆಳಗ ಅಡ್ಜಸ್ಟ್ ಮಾಡೀನಿ.

ಮ್ಯಾನೇಜರ್: ಇದನ್ನ ನೋಡಿದೋರು ಮೂರು ವರ್ಷದಿಂದ ದೇಶ ಮುಳುಗ್ತಾ ಐತೆ ಅಂತಾರೆ! ಅಳಿಸು! ಬೇಗ ಅಳಿಸು!

ಎರ್ರೆಪ್ಪ: ಮಳಿಗಾಲ, ಇನ್ನೂ ಹಸಿ ಐತ್ರಿ. ಈಗ ಒರೆಸಿದ್ರ ಗೋಡಿ ತುಂಬ ಕೆಂಪಾಗ್ತೈತಿ. ಅದು ಇನ್ನೂ ಚಲೋ ಕಾಣಂಗಿಲ್ಲ.

ಮ್ಯಾನೇಜರ್: ದುರುಗಮ್ಮ, ಸುಣ್ಣ ತಾ! ಕ್ಯಾಲೆಂಡರ್ ತಾ! ಏನಾದ್ರೂ ತಂದು ಮುಚ್ಚು!

ದುರುಗಮ್ಮ ಕ್ಯಾಲೆಂಡರ್ ತಂದಳು. ಮೊಳೆ ಸಿಗುವಷ್ಟರಲ್ಲಿ ಹೊರಗೆ ಜೀಪಿನ ಸದ್ದಾಯಿತು. ಕೆಳಕ್ಕಿಳಿದ ಆ ಮೂರು ವರ್ಷಕ್ಕೆ ನಾಗೇಂದ್ರಪ್ಪ ತಾವೇ ಬೆನ್ನು ಹಚ್ಚಿ ನಿಂತರು. ದೊಡ್ಡ ಸಾಹೇಬರು ಒಳಗೆ ಬಂದರು. ಬೆಂಗಳೂರಿನವರು. ಸಫಾರಿ ಸೂಟು, ಬಗಲಲ್ಲಿ ಚರ್ಮದ ಚೀಲ, ಮುಖದಲ್ಲಿ ಜೀಪಿನ ಧೂಳು.

ದೊಡ್ಡ ಸಾಹೇಬರು: ಏನ್ರೀ ನಾಗೇಂದ್ರಪ್ಪ, ಗೋಡೆಗೆ ಯಾಕೆ ಅಂಟಿಕೊಂಡು ನಿಂತಿದ್ದೀರಿ?

ಮ್ಯಾನೇಜರ್: ಬೆನ್ನು ನೋವು ಸಾರ್.

ದೊಡ್ಡ ಸಾಹೇಬರು: ಸ್ವಲ್ಪ ಈ ಕಡೆ ಬನ್ನಿ.

ನಾಗೇಂದ್ರಪ್ಪ ಈ ಕಡೆ ಬಂದರು. ಬೆನ್ನ ಮೇಲಿನ ಬಿಳಿ ಅಂಗಿಯ ತುಂಬ ಎಪ್ಪತ್ಮೂರು, ಎಪ್ಪತ್ನಾಲ್ಕರ ಸಾಲ ಕೆಂಪಗೆ ಅಚ್ಚೊತ್ತಿತ್ತು. ದೊಡ್ಡ ಸಾಹೇಬರು ಅದನ್ನು ನೋಡಲಿಲ್ಲ, ಗೋಡೆಯನ್ನೇ ನೋಡುತ್ತ ನಿಂತರು. ಎರ್ರೆಪ್ಪ ಏಣಿಯ ಹಿಂದೆ ಸರಿದು ಮನಸ್ಸಿನಲ್ಲೇ ಹೊಸಪೇಟೆಗೆ ಗಂಟು ಕಟ್ಟತೊಡಗಿದ್ದ.

ದೊಡ್ಡ ಸಾಹೇಬರು: ಇದನ್ನ ಹೀಗೆ ಬರೆಸಿ ಅಂತ ನಿಮಗೆ ಯಾರು ಹೇಳಿದ್ದು?

ಮ್ಯಾನೇಜರ್: ಸಾರ್, ಅದು... ಈ ಪೇಂಟರ್...

ದೊಡ್ಡ ಸಾಹೇಬರು: ಸುಮ್ಮನಿರಿ! ಬೆಲೆ ಏರಿಕೆ ಕೈಮೀರಿದೆ, ಇನ್ನು ಮೇಲೆ ಸಾಲ ಬಿಗಿ ಮಾಡಿ ಅಂತ ಶನಿವಾರ ಸಂಜೆ ನನಗೆ ಗುಟ್ಟಾಗಿ ಪತ್ರ ಬಂದಿದೆ. ಈ ಚೀಲದಲ್ಲೇ ಇದೆ. ಇನ್ನೂ ಯಾರಿಗೂ ತೋರಿಸಿಲ್ಲ. ಏರುತ್ತಿದ್ದ ಸಾಲ ಇಳಿಯಬೇಕು ಅನ್ನೋದು ಕೊಟ್ಟೂರಲ್ಲಿ ಕೂತ ನಿಮಗೆ ಹೇಗೆ ಹೊಳೀತು?

ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಮೇಲಿನವರಿಂದ ಒಂದು ಮೆಚ್ಚುಗೆಯ ಮಾತು ಕೇಳಿದವರಲ್ಲ ನಾಗೇಂದ್ರಪ್ಪ. ಕೇಳದೆ ಬಂದ ಭಾಗ್ಯವನ್ನು ಬೇಡವೆನ್ನುವಷ್ಟು ದೊಡ್ಡವರೂ ಅಲ್ಲ.

ಮ್ಯಾನೇಜರ್: ಏನೋ ಸಾರ್... ಯೋಚನೆ ಮಾಡ್ತಾ ಇದ್ದೆ... ಹಿಂಗೇ ಏರ್ತಾ ಹೋದ್ರೆ ಹೆಂಗೆ ಅಂತ.

ದುರುಗಮ್ಮ: ಎರಡು ದಿನ ಬಸ್ಸಿನ್ಯಾಗ ಕುಂತು ಯೋಚನಿ ಮಾಡ್ಯಾರ್ರಿ.

ದೊಡ್ಡ ಸಾಹೇಬರು: ಭೇಷ್! ಹತ್ತೊಂಬತ್ತನೇ ತಾರೀಕು ನಮ್ಮ ಮೇಲಿನವರು ಬರ್ತಿದ್ದಾರೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಾಲ್ಕೂ ಶಾಖೆಯಲ್ಲಿ ಮೂರು ದಿನದಲ್ಲಿ ಇದೇ ಥರ, ಹೀಗೇ ಬಾಗಿಸಿ ಬರೆಸಬೇಕು. ಪೇಂಟರ್ ಯಾರು? ನೀನೇನಪ್ಪಾ?

ಎರ್ರೆಪ್ಪ: ಹೌದ್ರಿ. ಮೂಲ್ಯಾಗ ಹೆಸರು ಐತಿ ನೋಡ್ರಿ.

ಆಮೇಲೆ ಅವನು ನಾಗೇಂದ್ರಪ್ಪನವರನ್ನು ಕಣ್ಣಲ್ಲೇ ತಿವಿದ. ಅವರು ಕೊಟ್ಟ ಮಾತಿಗೆ ತಪ್ಪಲಿಲ್ಲ, ಪಾಪ. ಅರ್ಜಿಯನ್ನು ತಂದು ಮೇಜಿನ ಮೇಲಿಟ್ಟರು.

ಮ್ಯಾನೇಜರ್: ಸಾರ್, ಇವನದೊಂದು ಸಣ್ಣ ಅರ್ಜಿ ಐತೆ. ಐನೂರು ರೂಪಾಯಿ.

ದೊಡ್ಡ ಸಾಹೇಬರು: ಐನೂರು ದೊಡ್ಡ ಮಾತಲ್ಲ. ಹೋದ ವಾರ ತಂದಿದ್ದರೆ ಕಣ್ಣುಮುಚ್ಚಿ ಸಹಿ ಹಾಕ್ತಿದ್ದೆ. ಇವತ್ತಿನಿಂದ ಹೊಸ ಸಾಲ ಬಂದ್.

ಎರ್ರೆಪ್ಪ: ಯಾಕ್ರಿ?

ದೊಡ್ಡ ಸಾಹೇಬರು: ಯಾಕೆ ಅಂತ ನನ್ನ ಕೇಳ್ತೀಯಲ್ಲಪ್ಪ! ಗೋಡೆ ನೋಡು. ಇಳೀತಾ ಇದೆಯಲ್ಲ. ನೀನೇ ಬರೆದಿದ್ದೀಯ.

ಎರ್ರೆಪ್ಪ ಗೋಡೆ ನೋಡಿದ. ಅವನ ಕೈಯಿಂದಲೇ ಇಳಿದ ಮೂವತ್ತೆಂಟು ಇಂಚಿನಲ್ಲಿ ಅವನ ಒಂದು ಕೂದಲೂ ಕೊಚ್ಚಿಕೊಂಡು ಹೋಗಿತ್ತು. ಕೋಲು ಕೊಟ್ಟು ಬಡಿಸಿಕೊಳ್ಳುವುದು ಎಂದರೇನೆಂದು ಅವನಿಗೆ ಚೆನ್ನಾಗಿ ತಿಳಿಯಿತು. ಸಿಟ್ಟೂ ಬಂತು, ಅಳುವೂ ಬಂತು. ಆದರೂ ಬಣ್ಣ ತರಲು ರೊಕ್ಕ ಬೇಕಲ್ಲ.

ಎರ್ರೆಪ್ಪ: ಹೋಗ್ಲಿ ಬಿಡ್ರಿ. ನಾಕು ಊರಿನ ಕೆಲಸಕ್ಕ ಮುಂಗಡ ಕೊಡ್ರಿ. ನೂರೈವತ್ತು ರೂಪಾಯಿ ಬಣ್ಣಕ್ಕ ಬೇಕು.

ದೊಡ್ಡ ಸಾಹೇಬರು: ಮುಂಗಡ? ಕೆಲಸಕ್ಕೆ ಮೊದಲೇ ಕೊಡೋ ದುಡ್ಡು ಸಾಲ ಇದ್ದ ಹಾಗೇ. ಅಳಿಯ ಅಲ್ಲ, ಮಗಳ ಗಂಡ. ಕೊಡೋ ಹಾಗಿಲ್ಲ.

ಎರ್ರೆಪ್ಪ: ಮತ್ತ ಈ ಗೋಡಿ ರೊಕ್ಕ?

ದೊಡ್ಡ ಸಾಹೇಬರು: ಬಿಲ್ಲು ಕೊಡು. ಐದೂ ಶಾಖೆಯದು ಸೇರಿಸಿ ಮುನ್ನೂರು ರೂಪಾಯಿ ಅಂತ ಬರಿ. ಬೆಂಗಳೂರಿಗೆ ಹೋಗಿ ಮಂಜೂರಾಗಿ ಬರುತ್ತೆ. ಮೂರು ತಿಂಗಳು, ಹೆಚ್ಚು ಅಂದ್ರೆ ನಾಲ್ಕು.

ಎರ್ರೆಪ್ಪ: ಅಂದ್ರ ಬಣ್ಣ ನಂದು, ಬಸ್ ಚಾರ್ಜು ನಂದು, ಕೈ ನಂದು. ರೊಕ್ಕ ದೀಪಾವಳಿಗೆ.

ದೊಡ್ಡ ಸಾಹೇಬರು: ಬ್ಯಾಂಕು ಕಣಯ್ಯ, ಮೋಸ ಇಲ್ಲ.

ಎರ್ರೆಪ್ಪ ಬ್ರಷ್ಷನ್ನು ಡಬ್ಬಿಯಲ್ಲಿಟ್ಟ. ಮ್ಯಾನೇಜರರ ಮೇಜಿನ ಮುಂದೆ ಸಾಲ ಕೇಳುವವರಿಗೆಂದು ಹಾಕಿದ ಮುರುಕು ಬೆಂಚಿತ್ತು. ಯುಗಾದಿಯಿಂದ ಅವನು ಕೂತದ್ದು ಅದರ ಮೇಲೆಯೇ. ಇವತ್ತು ಅವನು ಅದನ್ನು ದಾಟಿ, ಎದುರಿಗಿದ್ದ ಕೈಯುಳ್ಳ ಕುರ್ಚಿಯನ್ನು ಎಳೆದುಕೊಂಡು ಕೂತ.

ಎರ್ರೆಪ್ಪ: ಸಾಹೇಬ್ರ, ಲೆಕ್ಕ ನೋಡ್ರಿ. ನೀವು ನನಗ ಸಾಲ ಕೊಡವಲ್ರಿ. ನಾನು ನಿಮಗ ಮೂರು ತಿಂಗಳಿಗೆ ಮುನ್ನೂರು ಸಾಲ ಕೊಡಾಕ ಹತ್ತೀನಿ. ಹೌದಲ್ರಿ?

ದೊಡ್ಡ ಸಾಹೇಬರು: ಹಾಗಂತ... ಒಂದು ರೀತಿಯಲ್ಲಿ...

ಎರ್ರೆಪ್ಪ: ಜಾಮೀನು ಯಾರು?

ದೊಡ್ಡ ಸಾಹೇಬರು: ಏನು?

ಎರ್ರೆಪ್ಪ: ಜಾಮೀನ್ರಿ. ಹೊಲ ಇದ್ದೋರು. ತಮ್ಮ ಹೆಸರಲ್ಲೇ ಪಟ್ಟಾ ಇರಬೇಕು.

ದೊಡ್ಡ ಸಾಹೇಬರು: ಬ್ಯಾಂಕೇ ಜಾಮೀನು ಕಣಯ್ಯ!

ಎರ್ರೆಪ್ಪ: ಸಾಲ ತಗೊಳೋನೇ ಜಾಮೀನು ನಿಲ್ಲಂಗಿಲ್ಲ. ಹೌದಲ್ರಿ ನಾಗೇಂದ್ರಪ್ಪಾರ?

ರೂಲಿನ ಮಾತು ಬಂದಾಗ ನಾಗೇಂದ್ರಪ್ಪನವರಿಂದ ಸುಳ್ಳು ಹೇಳಲಾಗುತ್ತಿರಲಿಲ್ಲ.

ಮ್ಯಾನೇಜರ್: ನಿಲ್ಲಂಗಿಲ್ಲ ಸಾರ್. ಹನ್ನೊಂದನೇ ಕಲಮು.

ದೊಡ್ಡ ಸಾಹೇಬರು: ಸರಿ, ನಾನು ಸಹಿ ಹಾಕ್ತೀನಿ. ಸಾಕಾ?

ಎರ್ರೆಪ್ಪ: ನಿಮಗ ಹೊಲ ಎಷ್ಟೈತ್ರಿ?

ದೊಡ್ಡ ಸಾಹೇಬರು: ಹೊಲ ಎಲ್ಲಿಂದ ಬರಬೇಕು? ಬೆಂಗಳೂರಲ್ಲಿ ಬಾಡಿಗೆ ಮನೆ.

ಎರ್ರೆಪ್ಪ: ನಡಿಯಂಗಿಲ್ರಿ. ಮ್ಯಾನೇಜರ್ ಸಾಹೇಬ್ರದು?

ಮ್ಯಾನೇಜರ್: ನಮ್ಮ ಹರಪನಹಳ್ಳಿ ತಾಲೂಕಿನ ಅರಸೀಕೆರೆ ಹತ್ರ ಹನ್ನೆರಡು ಎಕ್ರೆ ಐತೆ. ಆದ್ರೆ...

ಎರ್ರೆಪ್ಪ: ಆದ್ರ?

ಮ್ಯಾನೇಜರ್: ಅಣ್ಣತಮ್ಮಂದ್ರ ಜತೆಗೆ ಪಾಲಾಗಿಲ್ಲ.

ಇದನ್ನು ಹೇಳುವಾಗ ನಾಗೇಂದ್ರಪ್ಪ ನೆಲ ನೋಡುತ್ತಿದ್ದರು. ದೊಡ್ಡ ಸಾಹೇಬರು ಗಡಿಯಾರ ನೋಡಿದರು. ಹೊಸಪೇಟೆಯ ಪೇಂಟರು ಕೈಗೆ ರೊಕ್ಕ ಬೀಳದೆ ಬ್ರಷ್ಷು ಮುಟ್ಟುವವನಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹತ್ತೊಂಬತ್ತಕ್ಕೆ ನಾಲ್ಕೇ ದಿನ.

ದೊಡ್ಡ ಸಾಹೇಬರು: ಈ ಬ್ಯಾಂಕಿನಲ್ಲಿ ಪಟ್ಟಾ ಇರೋ ಮನುಷ್ಯ ಒಬ್ಬನೂ ಇಲ್ಲವೇನ್ರೀ?

ದುರುಗಮ್ಮ: ನಂದೈತ್ರಿ.

ಮೂವರೂ ತಿರುಗಿದರು. ದುರುಗಮ್ಮ ನೆಲಕ್ಕೆ ಬಿದ್ದ ಕೆಂಪು ಹನಿಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

ದುರುಗಮ್ಮ: ಚಿಗಟೇರಿ ಹತ್ರ ಎರಡು ಎಕ್ರಿ. ನಮ್ಮಪ್ಪ ಸಾಯೋ ಮುಂದ ನನ್ನ ಹೆಸರಿಗೆ ಮಾಡ್ಸ್ಯಾನ. ಪಟ್ಟಾ ಪೆಟ್ಟಿಗ್ಯಾಗ ಐತಿ.

ಎರ್ರೆಪ್ಪ: ಯವ್ವಾ! ನಿನಗ ಹೊಲ ಐತೇನು? ಯುಗಾದಿಯಿಂದ ಒದ್ದಾಡಾಕ ಹತ್ತೀನಿ, ಒಂದು ಮಾತು ಹೇಳಬಾರದೇನಬೇ?

ದುರುಗಮ್ಮ: ನೀ ಕೇಳಿದೇನು? ಊರಾಗಿನ ಮೀಸಿ ಇದ್ದ ಗಂಡಸ್ರನ್ನೆಲ್ಲಾ ಕೇಳಿ ಬಂದಿ. ಕಸ ಹೊಡಿಯಾಕಿನ್ನ ಯಾರು ಕೇಳ್ತಾರ?

ಎರ್ರೆಪ್ಪ ಕುರ್ಚಿಯಿಂದ ಎದ್ದು ನಿಂತ. ದಿನಾ ಇದೇ ಪಡಸಾಲೆಯಲ್ಲಿ ಅವಳ ಕೈಯಿಂದ ನೀರು ಇಸಿದುಕೊಂಡು ಕುಡಿದಿದ್ದ. ಅವಳಿಗೂ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲೊಂದು ಕಾಗದ ಇರಬಹುದೆಂದು ಅವನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಅವನಿಗೆ ನಿಜವಾಗಿ ನಾಚಿಕೆಯಾಯಿತು.

ಮ್ಯಾನೇಜರ್: ಸಾರ್, ಇವಳು ನಮ್ಮ ಆಳು. ನಮ್ಮ ಗಿರಾಕಿಗೆ ಇವಳು ಜಾಮೀನು ನಿಲ್ಲಂಗಿಲ್ಲ. ಆದ್ರೆ ಬ್ಯಾಂಕಿಗೇ ನಿಲ್ಲಬಾರದು ಅಂತ ರೂಲಿನಾಗೆ ಎಲ್ಲೂ ಬರೆದಿಲ್ಲ.

ದೊಡ್ಡ ಸಾಹೇಬರು: ಬರೆದಿರೋದಿಲ್ಲ ಕಣ್ರೀ. ಇಂಥ ಕಾಲ ಬರುತ್ತೆ ಅಂತ ರೂಲು ಬರೆದೋರಿಗೆ ಹೇಗೆ ಗೊತ್ತಾಗಬೇಕು? ಹಾಳೆ ತನ್ನಿ.

ನಾಗೇಂದ್ರಪ್ಪ ತಮ್ಮ ದುಂಡು ಅಕ್ಷರದಲ್ಲಿ ಪತ್ರ ಬರೆದರು. ಬ್ಯಾಂಕು ಎರ್ರೆಪ್ಪನಿಗೆ ಮುನ್ನೂರು ರೂಪಾಯಿ ಕೊಡತಕ್ಕದ್ದು, ಮೂರು ತಿಂಗಳ ವಾಯಿದೆ. ದೊಡ್ಡ ಸಾಹೇಬರು ಸಹಿ ಗೀಚಿ ಗುಂಡು ಮುದ್ರೆ ಒತ್ತಿಸಿದರು. ದುರುಗಮ್ಮ ಸೆರಗಿಗೆ ಕೈ ಒರೆಸಿಕೊಂಡು, ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಂಡು, ಬ್ಯಾಂಕಿನ ಪರವಾಗಿ ಜಾಮೀನು ಒತ್ತಿದಳು. ಎರ್ರೆಪ್ಪ ಪತ್ರವನ್ನು ಊದಿ ಒಣಗಿಸಿ ಬೆಳಕಿಗೆ ಹಿಡಿದ.

ಮ್ಯಾನೇಜರ್: ಇದನ್ನ ಇಟ್ಕೊಂಡು ಬಣ್ಣ ಹೆಂಗೆ ತರ್ತೀಯಪ್ಪ?

ಎರ್ರೆಪ್ಪ: ಗಾದೆಪ್ಪನ ಅಂಗಡ್ಯಾಗ ಒತ್ತಿ ಇಡ್ತೀನ್ರಿ. ಉದ್ರಿ ಕೊಟ್ಟೇ ಕೊಡ್ತಾನ.

ದೊಡ್ಡ ಸಾಹೇಬರು: ಕೊಡದೆ ಏನು? ಬ್ಯಾಂಕಿನ ಮುದ್ರೆ ಇದೆಯಲ್ಲ!

ಎರ್ರೆಪ್ಪ: ಮುದ್ರಿ ಸಲುವಾಗಿ ಅಲ್ರಿ. ಗಾದೆಪ್ಪನ ಊರೂ ಚಿಗಟೇರಿನೇ. ಆ ಎರಡು ಎಕ್ರಿ ಅವನಿಗೆ ಗೊತ್ತಿರತೈತಿ.

ದೊಡ್ಡ ಸಾಹೇಬರು ಚೀಲ ಬಗಲಿಗೇರಿಸಿ ಜೀಪಿನ ಕಡೆ ನಡೆದರು. ನಾಗೇಂದ್ರಪ್ಪ ಬೆನ್ನ ಮೇಲಿನ ಕೆಂಪನ್ನು ಹೊತ್ತುಕೊಂಡೇ ಅವರನ್ನು ಕಳಿಸಲು ಹಿಂದೆ ಹೋದರು. ಎರ್ರೆಪ್ಪ ಏಣಿ ಹೆಗಲಿಗೇರಿಸಿದ.

ಎರ್ರೆಪ್ಪ: ದುರುಗವ್ವ, ನನ್ನ ಸಲುವಾಗಿ ನಿನ್ನ ಹೊಲ ಅಪಾಯಕ್ಕ ಬಿತ್ತಲ್ಲಬೇ. ಇವರು ರೊಕ್ಕ ಕೊಡದೆ ಕೈ ಎತ್ತಿದ್ರ?

ದುರುಗಮ್ಮ: ಅದರ ಚಿಂತಿ ನಿನಗ ಬ್ಯಾಡ, ಹೋಗು. ಬೀಗದ ಕೈ ನನ್ನ ಹತ್ರ ಐತಿ. ಮುನ್ನೂರು ನಿನ್ನ ಕೈಗೆ ಬರೋ ತನಕ ಈ ಬ್ಯಾಂಕು ಕೊಟ್ಟೂರು ಬಿಟ್ಟು ಎಲ್ಲೂ ಹೋಗದಂಗ ನೋಡ್ಕೊಂತೀನಿ.